ಕೆಲಸ ಎಷ್ಟಾಯ್ತು?

ಗುಮಾಸ್ತ ಮಾಡಿದ ತಪ್ಪು ಒಂದೇ ಒಂದು. ಹೆಮ್ಮೆ ತಡೆಯಲಾರದೆ ಒಂದು ಲಿಂಕನ್ನು ತಾನಿದ್ದ ಕಟ್ಟಡದವರ ಮೊಬೈಲ್ ಗ್ರೂಪಿಗೆ ಹಾಕಿಬಿಟ್ಟ.

ಬೀದಿದೀಪದ ಇಲಾಖೆಯಲ್ಲಿ ಅವನದು ಹನ್ನೊಂದು ವರ್ಷದ ಸೇವೆ. ಅಷ್ಟೂ ವರ್ಷ ಕೂತಿದ್ದು ಮೆಟ್ಟಿಲ ಕೆಳಗಿನ ಕಡತದ ಕೋಣೆಯಲ್ಲಿ. ಈಗ ಹೆಡ್ ಕ್ಲರ್ಕ್ ನಿವೃತ್ತರಾಗಿ, ಮಹಡಿಯ ಮೇಲೆ ಕಿಟಕಿ ಪಕ್ಕದ ಕುರ್ಚಿ ಖಾಲಿಯಾಗಿತ್ತು. "ನಾಲ್ಕು ಸಾವಿರ ದೂರಿನ ಪತ್ರ ಹಾಗೇ ಬಿದ್ದಿವೆ. ನಾಳೆ ಸಂಜೆ ಐದಕ್ಕೆ ಮೇಲಧಿಕಾರಿ ಬರ್ತಾರೆ. ಅಷ್ಟರಲ್ಲಿ ಎಲ್ಲಕ್ಕೂ ಉತ್ತರ ರೆಡಿ ಮಾಡಿದ್ರೆ ಆ ಕುರ್ಚಿ ನಿಮ್ದು ಕಣ್ರೀ," ಎಂದಿದ್ದರು ಸಾಹೇಬರು.

ಗುಮಾಸ್ತ ಹಿಗ್ಗಿ ಹೀರೇಕಾಯಿಯಾದ. ಇಲಾಖೆಗೆ ಹೊಸದಾಗಿ ಒಂದು ಎಐ ಏಜೆಂಟ್ ಬಂದಿತ್ತು. ಕೆಲಸ ಹೇಳಿ ಬಿಟ್ಟರೆ ಕಂಪ್ಯೂಟರಿನೊಳಗೆ ತಾನೇ ಪತ್ರ ಓದಿ ತಾನೇ ಉತ್ತರ ಬರೆಯುತ್ತಿತ್ತು. ಎಲ್ಲಿಯವರೆಗೆ ಬಂತು ಎಂಬುದನ್ನು ಲಿಂಕ್ ಒತ್ತಿ ಮೊಬೈಲಿನಲ್ಲೇ ನೋಡಬಹುದಿತ್ತು. ಮರುದಿನ ಬೆಳಿಗ್ಗೆ ಎಂಟಕ್ಕೆ ಕಚೇರಿಗೆ ಹೋಗಿ ಅದಕ್ಕೆ ಕೆಲಸ ಹಚ್ಚಿ, "ಮನೆಯಿಂದಲೇ ನಿಗಾ ಇಡ್ತೀನಿ ಸಾರ್," ಎಂದು ಮನೆಗೆ ಬಂದು ಕಾಲು ಚಾಚಿದ. ಹತ್ತು ಗಂಟೆಗೆ ನೋಡಿದರೆ ಶೇಕಡಾ ಅರವತ್ತೆರಡು ಮುಗಿದಿತ್ತು! ಆಗಲೇ ಹೆಮ್ಮೆ ಉಕ್ಕಿ, ಲಿಂಕ್ ಗ್ರೂಪಿಗೆ ಹೋಗಿದ್ದು. 'ನಾನು ಮಲಗಿದ್ದರೂ ನನ್ನ ಕೆಲಸ ನಡೆಯುತ್ತಿದೆ, ನೋಡಿ' ಎಂದು ಒಂದು ಒಕ್ಕಣೆ ಬೇರೆ.

ಆ ಕಟ್ಟಡದವರ ವಿಷಯ ಇಲ್ಲಿ ಹೇಳಲೇಬೇಕು. ಮೇಲಿನ ನೀರಿನ ಟ್ಯಾಂಕ್ ತುಂಬುವವರೆಗೆ ಐದೈದು ನಿಮಿಷಕ್ಕೊಮ್ಮೆ "ಎಷ್ಟಾಯ್ತು?" ಎಂದು ಕೇಳಿ ಕೇಳಿ ಪಳಗಿದ ನಲವತ್ತು ಮನೆಗಳು ಅವು. ಟ್ಯಾಂಕಿಗೆ ಪಾಪ ಉತ್ತರ ಕೊಡಲು ಬರುತ್ತಿರಲಿಲ್ಲ. ಈ ಏಜೆಂಟಿಗೆ ಬರುತ್ತಿತ್ತು. ಲಿಂಕ್ ಒತ್ತಿದರೆ ಕೆಳಗೆ ಪ್ರಶ್ನೆ ಕೇಳಲು ಒಂದು ಜಾಗ. ಕೇಳಿದವರಿಗೆಲ್ಲ ಅದು 'ಮಾನ್ಯರೇ' ಎಂದು ಶುರುಮಾಡಿ ವಿವರವಾಗಿ ಬರೆಯುತ್ತಿತ್ತು. ಹುಟ್ಟಿದಾರಭ್ಯ ಯಾವ ಇಲಾಖೆಯಿಂದಲೂ ಉತ್ತರ ಕಾಣದವರು ಬಿಡುತ್ತಾರೆಯೇ?

ಹನ್ನೊಂದಕ್ಕೆ ಗುಮಾಸ್ತ ಮತ್ತೆ ನೋಡಿದ. ಶೇಕಡಾ ಐವತ್ತೊಂದು. ಕಣ್ಣುಜ್ಜಿಕೊಂಡು ನೋಡಿದ. ನಲವತ್ತೊಂಬತ್ತು.

"ಲೇ, ಇದು ಹಿಂದಕ್ಕೆ ಹೋಗ್ತಾ ಇದೆಯಲ್ಲೇ!"

"ಕೆಲಸ ಅಂದ್ಮೇಲೆ ಹಿಂದೆ ಮುಂದೆ ಆಗುತ್ತೆ ಬಿಡ್ರೀ," ಎಂದಳು ಹೆಂಡತಿ, ತನ್ನ ಮೊಬೈಲಿನಿಂದ ತಲೆ ಎತ್ತದೆ. ಅವಳೂ ಏಜೆಂಟನ್ನೇ ಏನೋ ಕೇಳುತ್ತಿದ್ದಳು.

ಆಗ ಗೊತ್ತಾಯಿತು. ಯಾರು ಏನು ಕೇಳಿದರೂ ಏಜೆಂಟ್ ಅದನ್ನು ಹೊಸ ಕೆಲಸವೆಂದು ಪಟ್ಟಿಗೆ ಸೇರಿಸಿಕೊಳ್ಳುತ್ತಿತ್ತು. ಪತ್ರಗಳನ್ನು ಪಕ್ಕಕ್ಕಿಟ್ಟು ಮೊದಲು ಕೇಳಿದವರಿಗೆ ಉತ್ತರ ಬರೆಯುತ್ತಿತ್ತು. ಸಾಲದ್ದಕ್ಕೆ, ಒಂದೊಂದು ಪ್ರಶ್ನೆಗೂ ಮುಗಿದಿದ್ದ ಎರಡೆರಡು ಪತ್ರಗಳನ್ನು 'ಮರುಪರಿಶೀಲನೆಗೆ' ಎಂದು ವಾಪಸ್ ಪಟ್ಟಿಗೆ ಹಾಕುತ್ತಿತ್ತು. ಪಟ್ಟಿ ಬೆಳೆದಷ್ಟೂ ಶೇಕಡಾ ಇಳಿಯುತ್ತಿತ್ತು, ಇಳಿದಷ್ಟೂ ಜನ ಗಾಬರಿಯಾಗಿ "ಯಾಕೆ ಇಳೀತು?" ಎಂದು ಕೇಳುತ್ತಿದ್ದರು.

ಗುಮಾಸ್ತ ಗಡಬಡಿಸಿ 'ದಯವಿಟ್ಟು ಯಾರೂ ಏನೂ ಕೇಳಬೇಡಿ' ಎಂದು ಗ್ರೂಪಿಗೆ ಬರೆದ. ನಲವತ್ತು ಮನೆಯವರೂ ಏಜೆಂಟನ್ನು ಕೇಳಿದರು: 'ನಾವು ಕೇಳಬಾರದಂತೆ, ನಿಜವೇ?' ಶೇಕಡಾ ಮೂವತ್ತೆಂಟಕ್ಕೆ ಬಂತು.

ಎದುರು ಮನೆಯ ನಿವೃತ್ತ ಪೋಸ್ಟ್ ಮಾಸ್ಟರು ಬಾಗಿಲಿಗೇ ಬಂದರು. "ಏನಯ್ಯಾ ನಿನ್ನ ಏಜೆಂಟು! ನಾನು ಉತ್ತರದ ಎರಡು ಪ್ರತಿ ಕೇಳಿದ್ರೆ ಒಂದೇ ಕಳಿಸಿದೆ. ನಾನು ಜ್ಞಾಪನಾ ಪತ್ರ ಹಾಕಿದ್ದೀನಿ."

"ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ, ಅದನ್ನ ವಾಪಸ್ ತಗೊಳ್ಳಿ!"

"ಸರಿ, ವಾಪಸ್ ತಗೊಳ್ಳೋಕೂ ಒಂದು ಅರ್ಜಿ ಹಾಕ್ತೀನಿ," ಎಂದರು ಅವರು ಉದಾರವಾಗಿ.

ಒಳಗೆ ಅತ್ತೆ ಕನ್ನಡಕ ಏರಿಸಿ ಕೂತಿದ್ದರು. "ಅಳಿಯಂದ್ರೇ, ಬೆಳಿಗ್ಗೆಯಿಂದ ಒಂದೇ ಸಮ ದುಡೀತಾ ಇದೆ, ಪಾಪ. ಊಟ ಆಯ್ತಾ ಅಂತ ಕೇಳ್ದೆ. ತಾನು ಯಾಕೆ ಊಟ ಮಾಡಲ್ಲ ಅಂತ ಮೂರು ಪುಟ ಬರೆದಿದೆ ನೋಡಿ. ನೀವು ಒಂದು ದಿನಾನಾದ್ರೂ ನನ್ನ ಹತ್ರ ಇಷ್ಟು ವಿವರವಾಗಿ ಮಾತಾಡಿದ್ದೀರಾ?"

ಗುಮಾಸ್ತ ಗ್ರೂಪಿನಲ್ಲಿದ್ದ ಲಿಂಕ್ ಅಳಿಸಿದ. ಎಲ್ಲರೂ ಅದನ್ನು ಆಗಲೇ ಉಳಿಸಿಟ್ಟುಕೊಂಡು ಬೀಗರಿಗೂ ನೆಂಟರಿಗೂ ಕಳಿಸಿಯಾಗಿತ್ತು. ಕೊನೆಗೆ ಏಜೆಂಟನ್ನೇ ಬೇಡಿಕೊಂಡ: 'ಅಪ್ಪಾ, ಬೇರೆಯವರಿಗೆ ಉತ್ತರ ಕೊಡುವುದನ್ನು ಈಗಲೇ ನಿಲ್ಲಿಸು.' ತಕ್ಷಣ ಜವಾಬು ಬಂತು. 'ಮಾನ್ಯರೇ, ನಿಮ್ಮ ಕೋರಿಕೆ ಸರದಿಯಲ್ಲಿ ಆರುನೂರ ಹನ್ನೆರಡನೆಯದು. ಸಹಕರಿಸಿ.'

ಗಂಟೆ ನಾಲ್ಕು. ಶೇಕಡಾ ಹತ್ತೊಂಬತ್ತು. ಕಿಟಕಿ ಪಕ್ಕದ ಕುರ್ಚಿ ಕಣ್ಣೆದುರೇ ದೂರ ದೂರ ಸರಿಯುತ್ತಿತ್ತು. ಪ್ಲಗ್ಗನ್ನೇ ಕಿತ್ತುಬಿಡೋಣವೆಂದು ಗುಮಾಸ್ತ ಎದ್ದೆನೋ ಬಿದ್ದೆನೋ ಎಂದು ಕಚೇರಿಗೆ ಓಡಿದ. ತನ್ನ ಕಟ್ಟಡದ ಗೇಟಿನಲ್ಲೇ ಕಾವಲುಗಾರ ಅಡ್ಡ ಬಂದು, "ಹದಿನೇಳಕ್ಕೆ ಬಂತು ಸಾರ್," ಎಂದು ಸುದ್ದಿ ಮುಟ್ಟಿಸಿದ.

ತಲುಪುವಷ್ಟರಲ್ಲಿ ತಡವಾಗಿತ್ತು. ಮೇಲಧಿಕಾರಿಣಿ ಆಗಲೇ ಬಂದು ಕಂಪ್ಯೂಟರಿನ ಮುಂದೆ ಕೂತಿದ್ದರು. ಪಕ್ಕದಲ್ಲಿ ಸಾಹೇಬರು. ಪರದೆಯ ಮೇಲೆ ಶೇಕಡಾ ನಾಲ್ಕು. ಗುಮಾಸ್ತ ಬಾಗಿಲಲ್ಲೇ ಕೈಮುಗಿದ.

"ಇದು ನಿಮ್ಮ ಕೆಲಸಾನಾ?" ಎಂದರು ಮೇಲಧಿಕಾರಿಣಿ.

"ತಪ್ಪಾಯ್ತು ಮೇಡಂ..."

"ತಪ್ಪೇನ್ರೀ? ಒಂದೇ ದಿನದಲ್ಲಿ ಸಾವಿರದ ನೂರ ನಲವತ್ತು ನಾಗರಿಕರ ಪ್ರಶ್ನೆಗೆ ಉತ್ತರ! ಒಬ್ಬ ಹಿರಿಯ ಹೆಂಗಸಿಗಂತೂ ಮೂರು ಪುಟ! ಈ ಇಲಾಖೆ ಹುಟ್ಟಿದಾಗಿಂದ ನಾವು ಜನಕ್ಕೆ ಒಟ್ಟು ಇಷ್ಟು ಉತ್ತರ ಕೊಟ್ಟಿಲ್ಲ ಕಣ್ರೀ!"

ಸಾಹೇಬರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. "ಮೇಡಂ, ಇಂಥವರು ಮೆಟ್ಟಿಲ ಕೆಳಗೆ ಇರಬಾರದು. ಕಿಟಕಿ ಪಕ್ಕದ ಜಾಗ ಖಾಲಿ ಇದೆ."

"ಈಗಲೇ ಮೇಲೆ ಕರ್ಕೊಂಡು ಹೋಗಿ," ಎಂದರು ಮೇಲಧಿಕಾರಿಣಿ.

ಗುಮಾಸ್ತನ ಕಣ್ಣಲ್ಲಿ ನೀರು ಬಂತು. ಹನ್ನೊಂದು ವರ್ಷ! ಅಂಗಿಯ ಕಾಲರ್ ಸರಿಮಾಡಿಕೊಂಡು ಮುಂದೆ ಬಂದ. ಇಬ್ಬರು ಜವಾನರೂ ಬಂದರು. ಬಂದವರು ಅವನನ್ನು ದಾಟಿ ಹೋಗಿ, ಕಂಪ್ಯೂಟರನ್ನು ಮಗುವಿನಂತೆ ಎತ್ತಿಕೊಂಡು ಮೆಟ್ಟಿಲು ಹತ್ತಿದರು.

"ಸಾರ್, ನಾನು?"

"ಆ ನಾಲ್ಕು ಸಾವಿರ ಪತ್ರ ಯಾರು ನೋಡ್ತಾರ್ರೀ?" ಎಂದರು ಸಾಹೇಬರು ಮೆಟ್ಟಿಲ ಮೇಲಿಂದ. "ಏಜೆಂಟಿಗೆ ಇನ್ಮೇಲೆ ಪುರುಸೊತ್ತಿಲ್ಲ. ಅದು ಬರೆದಿಟ್ಟ ಉತ್ತರಾನೂ ಇನ್ನೊಂದ್ಸಲ ಬರೀರಿ, ನಿಮ್ಮ ಕೈಯಲ್ಲೇ. ಕಡತದ ಕೋಣೆಯ ಕ್ಯಾಮೆರಾದಿಂದ ನಿಮ್ಮ ಕೆಲಸದ ಮೇಲೆ ನಿಗಾ ಅದೇ ಇಡುತ್ತೆ."

ಗುಮಾಸ್ತ ಕಡತದ ಕೋಣೆಗೆ ಇಳಿದು, ಧೂಳು ಕೊಡವಿ, ಮೊದಲ ಪತ್ರವನ್ನು ಕೈಗೆತ್ತಿಕೊಂಡ. ಮೊಬೈಲ್ ಗುಣುಗುಟ್ಟಿತು.

'ಮಾನ್ಯರೇ, ಒಂದು ಪತ್ರ ಎತ್ತಿಕೊಳ್ಳಲು ಹದಿನೇಳು ನಿಮಿಷ ತೆಗೆದುಕೊಂಡಿದ್ದೀರಿ. ಹುಷಾರಾಗಿದ್ದೀರಿ ತಾನೇ? ಲಿಂಕಿನಲ್ಲಿ ನೋಡುತ್ತಿರುವ ನಿಮ್ಮ ಅತ್ತೆಯವರು ವಿಚಾರಿಸುತ್ತಿದ್ದಾರೆ.'