ರಾತ್ರಿರಾಣಿ ತಂದ ದಿಗಿಲು

ಹೂವಿನ ಗಿಡ ನೆಡುವವರೆಲ್ಲ ನೆಮ್ಮದಿಯ ಜನ ಎಂದು ಲೋಕ ನಂಬಿದೆ. ಒಂದೇ ಒಂದು ಗಿಡ ನೆಟ್ಟು ಮೂರು ತಿಂಗಳು ಕಳ್ಳನ ಹಾಗೆ ಬದುಕಿದವನು ನಾನು.

ಆಗ ನಾವು ದಾವಣಗೆರೆಯಲ್ಲಿ ಬಾಡಿಗೆಗಿದ್ದೆವು. ಮುಂಭಾಗದಲ್ಲಿ ಮನೆಯೊಡತಿ ಬಸಮ್ಮ, ಹಿಂಭಾಗದಲ್ಲಿ ನಾನು ಮತ್ತು ಹೆಂಡತಿ ಶಾರದೆ. ನನಗೆ ಹರಿಹರದ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ. ಬೆಳಗಿನ ರೈಲು ಹಿಡಿದು ಹೋದರೆ ಮನೆ ಸೇರುವಷ್ಟರಲ್ಲಿ ದೀಪ ಹಚ್ಚಿ ಆಗಿರುತ್ತಿತ್ತು. ಶಾರದೆ ಬೆಳೆಸಿದ ದಾಸವಾಳ ನನ್ನ ಕಣ್ಣಿಗೆ ಬೀಳುತ್ತಿದ್ದದ್ದು ಮುದುಡಿದ ಮೇಲೆಯೇ. ಅದಕ್ಕೇ, ರಾತ್ರಿ ಅರಳುವ ಹೂಗಳದೇ ಒಂದು ಬೆಳದಿಂಗಳ ತೋಟ ಮಾಡಬೇಕೆಂದು ಹೊಳೆಯಿತು. ಆಫೀಸಿನ ರದ್ದಿ ಹಾಳೆಯ ಬೆನ್ನಿಗೆ ಹಿತ್ತಿಲಿನ ನಕ್ಷೆ ಬರೆದೆ. ಬಚ್ಚಲಿನ ಪಕ್ಕ ಸುಗಂಧರಾಜ, ಗೋಡೆಯ ಮಗ್ಗುಲಿಗೆ ಪಾರಿಜಾತ, ಹಂಡೆ ಒಲೆಯ ಕಟ್ಟಿಗೆ ರಾಶಿ ಮರೆಯಾಗುವಂತೆ ರಾತ್ರಿರಾಣಿ. ಚಂದ್ರ ಎಷ್ಟು ಹೊತ್ತಿಗೆ ಹಿತ್ತಿಲಿಗೆ ಬರುತ್ತಾನೆ ಎಂದು ಶಾರದೆಯನ್ನು ಕೇಳಿದರೆ, "ಅವ್ನೂ ನಿಮ್ಮ ರೈಲಿನಂಗೇ ರೀ, ದಿನಾ ತಡ ಮಾಡ್ತಾನೆ" ಎಂದಳು.

ಸಹೋದ್ಯೋಗಿಯೊಬ್ಬರು ಕೊಟ್ಟ ರಾತ್ರಿರಾಣಿಯ ಸಸಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ರೈಲಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದೆ. ಎದುರಿಗಿದ್ದ ಹದಡಿಯ ರೈತ ಎಲೆ ಹೊಸಕಿ ಮೂಸಿ, "ಇದನ್ನ ಮನಿ ಹತ್ರ ಹಚ್ಚಬ್ಯಾಡ್ರಿ. ವಾಸನಿಗೆ ಹಾವು ಬರ್ತಾವೆ" ಎಂದ. ಅದೆಲ್ಲ ಮೂಢನಂಬಿಕೆ ಎಂದು ನಕ್ಕೆ. ಆ ನಗು ದಾರಿ ನಡುವಿನ ಬಾತಿ ಊರು ಬರುವವರೆಗೂ ಬಾಳಲಿಲ್ಲ.

ಹಾಗೆಂದು ಸಸಿಯನ್ನು ಕಿಟಕಿಯಾಚೆ ಎಸೆಯಲು ಮನಸ್ಸಾಗಲಿಲ್ಲ. ನಿಜ ಹೇಳಿದರೆ ಶಾರದೆ ಹೆದರಿಯಾಳು, ಬಸಮ್ಮ ಮನೆ ಬಿಡಿಸಿಯಾಳು. "ಯಾವ ಗಿಡಾರೀ ಇದು?" ಎಂದು ಶಾರದೆ ಕೇಳಿದ್ದಕ್ಕೆ "ಒಂದು ಥರದ ಮಲ್ಲಿಗೆ" ಎಂದು ಸುಳ್ಳು ಹೇಳಿ ನೆಟ್ಟುಬಿಟ್ಟೆ. ಮಳೆಗಾಲದಲ್ಲಿ ಅದು ಹೂಬಿಟ್ಟಿತು. ಓಣಿಗೆಲ್ಲ ಪರಿಮಳ, ನನಗೊಬ್ಬನಿಗೆ ಬೆವರು. ಶಾರದೆ ಹಿತ್ತಿಲಿಗೆ ಕಾಲಿಡುವ ಮೊದಲೇ ಟಾರ್ಚು, ಕೋಲು ಹಿಡಿದು ಸಂದುಗೊಂದೆಲ್ಲ ತಡಕುತ್ತಿದ್ದೆ. "ನಮ್ಮವ್ರಿಗೆ ಹೂವಿನ ಹುಚ್ಚು" ಎಂದು ಅವಳು ಬಸಮ್ಮನ ಮುಂದೆ ಹೆಮ್ಮೆಪಡುತ್ತಿದ್ದಳು.

ಒಂದು ಸಂಜೆ ಟಾರ್ಚಿನ ಬೆಳಕಿನಲ್ಲಿ ಮಾರುದ್ದದ ಬಾಲವೊಂದು ಕಟ್ಟಿಗೆ ರಾಶಿಯೊಳಗೆ ಸರಿಯಿತು. ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿದ್ದು ನನಗೆ ನೆನಪಿಲ್ಲ. ಕಿರುಚಿದ್ದು ಓಣಿಯವರಿಗೆಲ್ಲ ನೆನಪಿದೆ. ಬಸಮ್ಮ ಕಂದೀಲು ಹಿಡಿದು ಓಡಿಬಂದಳು, ಹಿಂದೆಯೇ ಶಾರದೆ.

"ತಪ್ಪು ನನ್ನದೇ ಅಮ್ಮಾ, ಅದು ಮಲ್ಲಿಗೆ ಅಲ್ಲ, ರಾತ್ರಿರಾಣಿ. ನಾಳೆಯೇ ಕಿತ್ತು ಹಾಕ್ತೀನಿ. ಮನೆ ಮಾತ್ರ ಬಿಡಿಸಬೇಡಿ" ಎಂದು ಕಲ್ಲಿನ ಮೇಲಿಂದಲೇ ಕೈಮುಗಿದೆ.

"ಗಿಡ ಏನ್ ಮಾಡ್ತಪ್ಪಾ, ಪಾಪ?" ಎಂದಳು ಬಸಮ್ಮ. "ಅದು ಕೇರೆಹಾವು. ನೀವು ಬಾಡಿಗಿಗೆ ಬರಾಕಿಂತ ಮೊದ್ಲಿಂದ ಇಲ್ಲೇ ಐತೆ. ಇಲಿ ತಿಂದ್ಕಂಡು ಅದರ ಪಾಡಿಗೆ ಐತೆ. 'ನಮ್ಮವ್ರಿಗೆ ಮಾತ್ರ ಹೇಳಬ್ಯಾಡ್ರಿ, ಹೆದರಿ ಊರೇ ಬಿಟ್ಟಾರು' ಅಂತ ನಿಮ್ಮ ಶಾರದಮ್ಮನೇ ಅಂದಿದ್ಲು."

ನಾನು ಹೆಂಡತಿಯ ಕಡೆ ನೋಡಿದೆ. ಅವಳು ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡು, "ಇಳೀರಿ, ಅದು ಹೋತು" ಎಂದು ಕೈ ನೀಡಿದಳು.

ಗಿಡವೂ ಉಳಿಯಿತು, ಮನೆಯೂ ಉಳಿಯಿತು. ಹುಣ್ಣಿಮೆ ಬಂದರೆ ಹೆಂಗಸರಿಬ್ಬರೂ ಹಿತ್ತಿಲಿನಲ್ಲಿ ಚಾಪೆ ಹಾಸಿ ಹರಟುತ್ತಿದ್ದರು. ನಾನು ಒಳಗೆ, ಕಿಟಕಿಯ ಸರಳಿನ ಹಿಂದೆ. ಶಾರದೆ "ಹೊರಗ ಬರ್ರೀ" ಎಂದು ಕರೆದಾಗಲೆಲ್ಲ, ಚಂದ್ರನನ್ನು ಸ್ವಲ್ಪ ದೂರದಿಂದ ನೋಡಿದರೇ ಚೆಂದ ಎನ್ನುತ್ತಿದ್ದೆ.