ನನ್ನ ಸೊಸೆಯ ಬೇಸ್

ಪೈಲಟ್‌ಗಳು ಸದಾ ಆಕಾಶದಲ್ಲಿ ಇರುವವರು ಎಂದು ಲೋಕ ನಂಬಿದೆ. ಒಬ್ಬ ಪೈಲಟ್ ಜೊತೆ ಒಂದೇ ಸೂರಿನ ಕೆಳಗೆ ಬಾಳಿದವರಿಗೆ ಮಾತ್ರ ಗೊತ್ತು, ಅವರು ಮುಖ್ಯವಾಗಿ ನಿದ್ದೆಯಲ್ಲಿ ಇರುವವರು. ಇಲ್ಲವೇ, ಮಾಡಬೇಕಾದ ನಿದ್ದೆ ಬಾರದೆ ಸೂರು ನೋಡುತ್ತ ಮಲಗಿರುವವರು. ನನ್ನ ಸೊಸೆ ಶೈಲಾ ವಿಮಾನ ಹಾರಿಸುತ್ತಾಳೆ. ಇದನ್ನು ಯಾರಿಗಾದರೂ ಹೇಳುವಾಗ ನನ್ನ ಕುತ್ತಿಗೆ ತಾನಾಗಿಯೇ ಒಂದಿಷ್ಟು ಉದ್ದವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಉದ್ದವಾದ ಕುತ್ತಿಗೆಯ ಹೆಂಗಸು ವರ್ಷಗಟ್ಟಲೆ ಕುಕ್ಕರಿನ ಸೀಟಿಗೆ ಹೆದರಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸಿದ್ದಾಳೆ, ಹಾಡುಹಗಲಲ್ಲಿ ಕಳ್ಳಿಯ ಹಾಗೆ ತುದಿಗಾಲಲ್ಲಿ ನಡೆದಿದ್ದಾಳೆ, ಸೊಪ್ಪಿನವಳ ಬಾಯಿಗೆ ಕೈ ಅಡ್ಡ ಹಿಡಿದಿದ್ದಾಳೆ ಎಂಬುದನ್ನು ಯಾರೂ ಕೇಳುವುದಿಲ್ಲ. ಸೊಪ್ಪಿನವಳು ಮೊದಮೊದಲು ನಮ್ಮ ಮನೆಯಲ್ಲಿ ಬಾಣಂತಿಯಿದ್ದಾಳೆ ಎಂದುಕೊಂಡಿದ್ದಳಂತೆ. ಆಮೇಲೆ ಆ ಬಾಣಂತಿ ಯೂನಿಫಾರ್ಮ್ ತೊಟ್ಟು, ಚಕ್ರದ ಪೆಟ್ಟಿಗೆ ಎಳೆದುಕೊಂಡು, ಮಟಮಟ ಮಧ್ಯಾಹ್ನ ಕ್ಯಾಬ್ ಹತ್ತುವುದನ್ನು ನೋಡಿ ಬೆಪ್ಪಾದಳು.

ನಾವಿರುವುದು ಯಲಹಂಕದಲ್ಲಿ, ಪುಟ್ಟೇನಹಳ್ಳಿ ಕೆರೆಗೆ ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿ. ಈ ಕಡೆ ಮನೆ ಮಾಡಿದ್ದೇ ಶೈಲಾಳ ಡ್ಯೂಟಿಗಾಗಿ. ಜಯನಗರದಲ್ಲಿ ಹುಟ್ಟಿ ಬೆಳೆದ ನನಗೆ ಹೆಬ್ಬಾಳದ ಆಚೆ ಊರಿದೆ ಎಂಬುದೇ ಬಹಳ ದಿನ ನಂಬಿಕೆಗೆ ಬಂದಿರಲಿಲ್ಲ. ನನ್ನ ಮಗ ರಘು ಹೇಳಿದ, ‘ಅಮ್ಮ, ಸ್ಟ್ಯಾಂಡ್‌ಬೈ ಅಂತ ಇರುತ್ತೆ. ಫೋನ್ ಬಂದ ಕೂಡಲೇ ಅವಳು ಏರ್‌ಪೋರ್ಟಿನಲ್ಲಿ ಇರಬೇಕು. ಜಯನಗರದಿಂದ ಹೊರಟರೆ ವಿಮಾನ ವಾಪಸ್ ಬರೋ ಹೊತ್ತಿಗೆ ತಲುಪ್ತಾಳೆ.’ ಸರಿ, ಬಂದೆವು. ಬಂದ ಮೇಲೆ ರಘು ಹೋಗಿಬಿಟ್ಟ. ಹೃದಯ ನಿಂತಿತು ಎಂದರು ಡಾಕ್ಟರ್, ನಲವತ್ತು ತುಂಬಿರಲಿಲ್ಲ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯಲಾರೆ. ಉಳಿದವರು ಇಬ್ಬರು, ಅತ್ತೆ ಮತ್ತು ಸೊಸೆ. ನಮ್ಮಿಬ್ಬರನ್ನು ಕಟ್ಟಿದ್ದ ಗಂಟೇ ಬಿಚ್ಚಿಹೋದ ಮೇಲೂ ನಾವು ಒಂದೇ ಫ್ರಿಜ್ಜಿನಲ್ಲಿ ಹಾಲಿಡುತ್ತಿದ್ದೆವು. ಅವಳ ತವರು ಹುಬ್ಬಳ್ಳಿ. ಅಲ್ಲಿಗೆ ಹೋಗುತ್ತೇನೆ ಎಂದು ಅವಳು ಅನ್ನಲಿಲ್ಲ, ಹೋಗುತ್ತೀಯಾ ಎಂದು ನಾನೂ ಕೇಳಲಿಲ್ಲ. ಕೇಳಿದರೆ ಎಲ್ಲಿ ನೆನಪಾಗಿ ಹೊರಟುಬಿಡುತ್ತಾಳೋ ಎಂಬ ಭಯ.

ಪ್ರತಿ ತಿಂಗಳ ಕೊನೆಗೆ ಅವಳ ರೋಸ್ಟರ್, ಅಂದರೆ ಡ್ಯೂಟಿಯ ಪಟ್ಟಿ, ಬರುತ್ತಿತ್ತು. ನಮ್ಮ ಮನೆಗೆ ಪಂಚಾಂಗ, ಕ್ಯಾಲೆಂಡರ್ ಎಲ್ಲವೂ ಅದೇ. ಏಕಾದಶಿ ಎಂದೋ ನನಗೆ ಗೊತ್ತಿಲ್ಲ. ವೀಕ್ಲಿ ಆಫ್ ಯಾವತ್ತು ಎಂಬುದು ಗೊತ್ತು. ಯುಗಾದಿಯನ್ನು ಒಂದು ವರ್ಷ ಎರಡು ದಿನ ತಡವಾಗಿ ಮಾಡಿದ್ದೇವೆ, ದೇವರು ಅಡ್ಜಸ್ಟ್ ಮಾಡಿಕೊಂಡ. ಒಮ್ಮೆ ಅವಳಿಗೆ ಕೆಮ್ಮು ಬಂತೆಂದು ನಾನು ಪ್ರೀತಿಯಿಂದ ದ್ರಾಕ್ಷಾರಿಷ್ಟವನ್ನು ಅಳತೆಗಿಂತ ಕೊಂಚ ಧಾರಾಳವಾಗಿಯೇ ಬಗ್ಗಿಸಿ ತಂದೆ. ಅವಳು ಮೂಸಿ ನೋಡಿ, ‘ಅಯ್ಯಯ್ಯ ಅತ್ತಿ, ಇದನ್ನ ಕುಡದು ಹ್ವಾದ್ರ ಅಲ್ಲೆ ಊದಿಸಿ ನೋಡ್ತಾರ್ರೀ! ಕುಡುಕಿ ಅಂತ ಮನೀಗೆ ಕಳಸ್ತಾರ. ನೌಕರಿ ತಗೀಬೇಕಂತ ಮಾಡೀರೇನು?’ ಎಂದು ನಕ್ಕಳು. ವಿಮಾನ ಹತ್ತುವ ಮೊದಲು ಪೈಲಟ್‌ಗಳ ಉಸಿರನ್ನು ಪರೀಕ್ಷೆ ಮಾಡುತ್ತಾರಂತೆ. ಅರಿಷ್ಟದಲ್ಲಿ ಆಲ್ಕೋಹಾಲ್ ಇದೆ ಎಂದು ಆಗಲೇ ನನಗೆ ತಿಳಿದದ್ದು. ಚಿಕ್ಕಂದಿನಿಂದ ಅದನ್ನು ಕುಡಿಯುತ್ತ ಬಂದ ನಾನು, ಕಾನ್ವೆಂಟಿನ ಪ್ರೇಯರ್ ಹಾಲಿನಲ್ಲಿ ಯಾವ ಸ್ಥಿತಿಯಲ್ಲಿ ನಿಂತಿದ್ದೆನೋ ದೇವರೇ ಬಲ್ಲ.

ಹೀಗೆ ದಿನ ಸಾಗುತ್ತಿರುವಾಗ ‘ಬೇಸ್’ ಎಂಬ ಮಾತು ಮನೆಯೊಳಗೆ ಬಂತು. ಬೇಸ್ ಎಂದರೆ ಪೈಲಟ್‌ನ ಡ್ಯೂಟಿ ಶುರುವಾಗಿ ಮುಗಿಯುವ ಊರು. ಬೆಂಗಳೂರು ಎಲ್ಲರಿಗೂ ಬೇಕು. ಇಲ್ಲಿನ ಹವೆ, ಇಲ್ಲಿನ ಶಾಲೆ, ಹೆಂಡತಿಯ ಕೆಲಸ, ಗಂಡನ ಕೆಲಸ, ಏನೇನೋ ಕಾರಣ. ಹೀಗಾಗಿ ಹಿರಿಯ ಪೈಲಟ್‌ಗಳೆಲ್ಲ ಇಲ್ಲೇ ತಳ ಊರಿದ್ದಾರೆ, ಇಲ್ಲಿ ಕೋ-ಪೈಲಟ್ ಶೈಲಾ ಕ್ಯಾಪ್ಟನ್ ಆಗಬೇಕಾದರೆ ಅವರಲ್ಲಿ ಯಾರಾದರೂ ಜಾಗ ಬಿಡಬೇಕು. ಕೋಲ್ಕತ್ತಾದಲ್ಲಿ ಮಾತ್ರ ಜಾಗ ಈಗಲೇ ಇತ್ತು. ಒಂದು ಬೆಳಿಗ್ಗೆ, ನಾನು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಾಗ, ಅವಳು ಎದುರಿಗೆ ಬಂದು ಕೂತು ಒಂದು ಕಾಯಿಯನ್ನು ಕೈಗೆ ತೆಗೆದುಕೊಂಡಳು.

‘ಅತ್ತಿ, ಕೋಲ್ಕತ್ತಾಕ್ಕ ಹೋದ್ರ ಕ್ಯಾಪ್ಟನ್ ಮಾಡ್ತಾರಂತ್ರಿ. ಇಲ್ಲೇ ಇದ್ರ ಇನ್ನೂ ಎಷ್ಟ್ ವರ್ಷ ಕಾಯ್ಬೇಕೋ ಗೊತ್ತಿಲ್ಲ. ನೀವ್ ಏನಂತೀರಿ?’

ನನ್ನೊಳಗೆ ಯಾರೋ ‘ಬೇಡ, ಹೋಗಬೇಡ’ ಎಂದು ಕೂಗಿದರು. ಹೊರಗೆ ಬಂದ ಮಾತು ಬೇರೆ. ‘ಯು ಮಸ್ಟ್ ಡೂ ವಾಟ್ ಈಸ್ ಬೆಸ್ಟ್ ಫಾರ್ ಯು, ಡಿಯರ್,’ ಎಂದೆ. ‘ನನ್ನ ಯೋಚನೆ ಮಾಡಬೇಡ. ಐ ಶಲ್ ಮ್ಯಾನೇಜ್ ಪರ್ಫೆಕ್ಟ್ಲಿ ವೆಲ್.’

ಅವಳು ಕೈಯಲ್ಲಿದ್ದ ಕಾಯಿಯನ್ನು ನಾರು ತೆಗೆಯದೆಯೇ ಪಾತ್ರೆಗೆ ಹಾಕಿ, ‘ಆತ್ರಿ’ ಎಂದು ಎದ್ದಳು.

ನನ್ನ ಉತ್ತರದ ಬಗ್ಗೆ ನನಗೆ ಆ ಹೊತ್ತು ಬಹಳ ಮೆಚ್ಚುಗೆಯಾಯಿತು ಎಂದರೆ ನೀವು ನಗುತ್ತೀರಿ. ಎಷ್ಟು ಡಿಗ್ನಿಫೈಡ್ ಆಗಿ ಹೇಳಿದೆ! ಕಣ್ಣೀರಿಲ್ಲ, ಸೆರಗಿನ ತುದಿಯಿಲ್ಲ, ‘ನನ್ನ ಗತಿಯೇನು’ ಎಂಬ ಗೋಳಿಲ್ಲ. ನಮ್ಮ ಕಾನ್ವೆಂಟಿನ ಮದರ್ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ‘ನೆವರ್ ಇಂಪೋಸ್, ಗರ್ಲ್ಸ್’ ಎಂಬುದು ಅವರ ಮಂತ್ರ. ಯಾರ ಮೇಲೂ ಭಾರ ಹಾಕಬೇಡಿ, ಒಮ್ಮೆ ಕೇಳಿ, ಬೇಡ ಎಂದರೆ ನಕ್ಕು ಸುಮ್ಮನಾಗಿ. ಈ ಒಂದು ಮಂತ್ರದಿಂದ ನಾನು ಜೀವನದಲ್ಲಿ ಎಷ್ಟು ಬಸ್ಸಿನ ಸೀಟು, ಎಷ್ಟು ಮದುವೆ ಮನೆಯ ಹೋಳಿಗೆ ಕಳೆದುಕೊಂಡಿದ್ದೇನೋ ಲೆಕ್ಕವಿಲ್ಲ.

ಹಾಗೆಂದು ನನ್ನ ಒಳಗಿನವಳು ಸುಮ್ಮನಿರಲಿಲ್ಲ. ಅವಳು ಅಡ್ಡದಾರಿ ಹಿಡಿದಳು. ಬೆಂಗಳೂರಿನ ಪರವಾಗಿ ಪ್ರಚಾರ ಶುರು ಮಾಡಿದಳು. ಕಾಫಿ ಕೊಡುವಾಗ ‘ಈ ಹವೆ ಕೋಲ್ಕತ್ತಾದಲ್ಲಿ ಸಿಗಬೇಕಲ್ಲ, ಬೆವರು ನೋಡು ಅಲ್ಲಿ’ ಎನ್ನುವುದು. ಬಾಲ್ಕನಿಯಲ್ಲಿ ನಿಂತು ‘ಕೆರೆಗೆ ಈ ಸಲ ಪೆಲಿಕನ್ ಬಂದಿವೆ, ಹೌ ಲವ್ಲಿ’ ಎನ್ನುವುದು. ಪೆಲಿಕನ್ ನಂಬಿ ಯಾರಾದರೂ ಭುಜದ ಮೇಲೆ ಬರುವ ಕ್ಯಾಪ್ಟನ್ ಪಟ್ಟೆ ಬಿಡುತ್ತಾರೆಯೇ? ಶೈಲಾ ‘ಹೌದ್ರಿ’ ಎಂದು ನನ್ನ ಮುಖವನ್ನೇ ನೋಡುತ್ತಿದ್ದಳು, ಮುಂದೆ ಏನಾದರೂ ಹೇಳುತ್ತೇನೇನೋ ಎಂಬಂತೆ. ನಾನು ಮುಂದಕ್ಕೆ ಹಕ್ಕಿಯ ಕೊಕ್ಕಿನ ವರ್ಣನೆ ಮಾಡುತ್ತಿದ್ದೆ.

ಈ ಸಂಕಟ ಹೇಗೋ ಮುನಿರಾಜಪ್ಪನ ಕಿವಿಗೆ ಬಿತ್ತು. ಮುನಿರಾಜಪ್ಪ ನಮ್ಮ ಅಪಾರ್ಟ್‌ಮೆಂಟಿನ ಮೂಲಪುರುಷ. ಈ ಕಟ್ಟಡ ನಿಂತಿರುವುದು ಅವನ ತಾತನ ರಾಗಿ ಹೊಲದ ಮೇಲೆ. ಈಗಲೂ ಬೆಳಿಗ್ಗೆ ಕಾರ್ ಪಾರ್ಕಿಂಗಿನಲ್ಲಿ ಹೊಲ ಸುತ್ತುವವನಂತೆಯೇ ಕೈ ಹಿಂದೆ ಕಟ್ಟಿಕೊಂಡು ಸುತ್ತುತ್ತಾನೆ. ಲಿಫ್ಟಿನ ಬಳಿ ನನ್ನನ್ನು ಹಿಡಿದ.

‘ಅಮ್ಮಾವ್ರೇ, ಇದ್ಯಾಕ್ ಇಂಗೆ ಮುಖ ಸಣ್ಣುಕ್ ಮಾಡ್ಕಂಡಿದೀರಿ? ಟ್ರಾನ್ಸ್‌ಪರ್ ತಾನೆ? ನಮ್ ಎಮ್ಮೆಲ್ಲೆ ಕೈಲಿ ಒಂದ್ ಮಾತ್ ಏಳಿಸ್ತೀನಿ ಬುಡಿ.’

‘ಅದು ಪ್ರೈವೇಟ್ ಕಂಪನಿ, ಮುನಿರಾಜಪ್ಪ. ಟ್ರಾನ್ಸ್‌ಫರ್ ಅಲ್ಲ, ಅವಳೇ ಆರಿಸ್ಕೊಳ್ಳೋದು.’

‘ಯಾವ್ ಕಂಪ್ನಿ ಆದ್ರೇನು? ಇಮಾನ ಇಳಿಯೋದು ಯಾರ್ ಜಮೀನ್ ಮೇಲೆ? ನಮ್ಮೋರ್ ಜಮೀನ್ ಮೇಲೆ ತಾನೆ?’ ಎಂದ. ಆಮೇಲೆ ಸ್ವಲ್ಪ ಹೊತ್ತು ಯೋಚಿಸಿ, ‘ಅಲ್ಲ, ಆ ಮಗೀನೇ ಆರಿಸ್ಕೊಳ್ಳೋದು ಅಂದ್ಮೇಲೆ ಎಮ್ಮೆಲ್ಲೆ ಯಾಕೆ? ಓಗ್ಬ್ಯಾಡ ಕಣವ್ವ ಅಂತ ನೀವೇ ಅನ್ನಿ, ಮುಗೀತು’ ಎಂದ.

‘ಹಾಗೆಲ್ಲ ಹೇಳೋಕಾಗಲ್ಲ. ಅದು ಅವಳ ಕೆರಿಯರ್.’

‘ಓಗ್ಲಿ ಅಂತೀರಾ?’

‘ಹಾಗೂ ಅಲ್ಲ.’

‘ಮತ್ತೇನ್ ಅಂದ್ರಿ?’

‘ಏನೂ ಅನ್ನಲಿಲ್ಲ,’ ಎಂದೆ. ಮುನಿರಾಜಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ, ಓದಿದವರ ಸಹವಾಸ ಕಷ್ಟ ಎಂಬಂತೆ ತಲೆ ಆಡಿಸಿ ಹೊರಟುಹೋದ.

ಶೈಲಾ ಕೋಲ್ಕತ್ತಾವನ್ನೇ ಆರಿಸಿಕೊಂಡಳು. ಅವಳನ್ನು ಕಳಿಸಿಕೊಡಲು ಅವಳ ತಾಯಿ ನೀಲವ್ವ ಹುಬ್ಬಳ್ಳಿಯಿಂದ ರೊಟ್ಟಿಯ ಗಂಟು ಹೊತ್ತು ಯಶವಂತಪುರದಲ್ಲಿ ಇಳಿದರು. ಮಗಳು ವಿಮಾನ ಹತ್ತಿ ಹೋದ ಮೇಲೆ ನಾವಿಬ್ಬರು ಬೀಗಿತ್ತಿಯರು ಊಟಕ್ಕೆ ಕೂತೆವು. ನಾನು ಪಲ್ಯದ ಪಾತ್ರೆ ಹಿಡಿದು, ‘ಇನ್ನು ಸ್ವಲ್ಪ?’ ಎಂದೆ. ‘ಸಾಕ್ರಿ’ ಎಂದರು. ಪಾತ್ರೆಯನ್ನು ಒಳಗಿಟ್ಟು ಬಂದೆ. ನೀಲವ್ವ ಖಾಲಿ ತಟ್ಟೆಯನ್ನೂ ನನ್ನನ್ನೂ ನೋಡಿ ಜೋರಾಗಿ ನಕ್ಕುಬಿಟ್ಟರು.

‘ಶೈಲಿ ಹೇಳಿದ್ದು ಖರೇನ ಅದರಿ ಬೀಗರ. ಮದವ್ಯಾದ ಹೊಸದಾಗ ನಿಮ್ಮ ಮನ್ಯಾಗ ಆಕಿ ಅರ್ಧ ಹೊಟ್ಟೀಲೆ ಏಳ್ತಿದ್ಲಂತ! ನಮ್ಮ ಕಡೆ ಸಾಕು ಅಂದ್ರ ಸಾಕು ಅಂತಲ್ರೀ. ಇನ್ನೊಮ್ಮೆ ಕೇಳ್ರಿ ಅಂತ. ಕೈ ಅಡ್ಡ ಹಿಡದ್ರೂ ಕೈ ಮ್ಯಾಲ ಬಡಿಸ್ತೀವಿ.’

ನಾನೂ ನಕ್ಕೆ. ನೀಲವ್ವ ನಗು ನಿಲ್ಲಿಸಿ, ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸುತ್ತ ಮೆಲ್ಲಗೆ ಹೇಳಿದರು. ‘ತಪ್ಪ ತಿಳಕೋಬ್ಯಾಡ್ರಿ. ನನ್ನ ಮಗಳು ಇಲ್ಲೇ ಇರ್ತಿದ್ಲರೀ. ಕ್ಯಾಪ್ಟನ್ ಪಟ್ಟಿ ಇವತ್ತಲ್ಲ ನಾಳೆ ಬರ್ತಾವು ಅಂತಿದ್ಲು. ಆದ್ರ ನೀವು ಒಂದ ಮಾತು ‘ಇರು’ ಅನ್ಲಿಲ್ಲಂತ. ಮಗನ ಹೋದ ಮ್ಯಾಲೆ ನಾ ಯಾಕ ಅವರಿಗೆ ಭಾರ ಆಗ್ಲೆವ್ವಾ, ಅಂದ್ಲು.’

ಭಾರ! ಯಾರು ಯಾರಿಗೆ ಭಾರವಾಗಬಾರದೆಂದು ನಾನು ಇಷ್ಟು ವರ್ಷ ಒದ್ದಾಡಿದೆನೋ! ನಾನು ಎದ್ದು ಹೋಗಿ ಪಲ್ಯದ ಪಾತ್ರೆ ತಂದು ಅವರ ತಟ್ಟೆಗೆ ಅಷ್ಟನ್ನೂ ಸುರಿದೆ. ಪಾಪ, ಅವರಿಗೆ ಅಷ್ಟು ಬೇಕಾಗಿರಲಿಲ್ಲ ಎಂದು ಕಾಣುತ್ತದೆ. ಆದರೂ ತಿಂದರು.

ಆಮೇಲಿನ ದಿನಗಳ ಬಗ್ಗೆ ಏನು ಹೇಳಲಿ? ಶೈಲಾ ಕ್ಯಾಪ್ಟನ್ ಆದಳು. ಅವಳಿಗೆ ಆಗಾಗ ಬೆಂಗಳೂರಿನಲ್ಲಿ ಲೇಓವರ್ ಬರುತ್ತದೆ. ಅಂದರೆ ವಿಮಾನ ತಂದು ಇಲ್ಲಿ ಇಳಿಸಿ, ಕಂಪನಿ ಕೊಡುವ ಹೋಟೆಲಿನಲ್ಲಿ ಮಲಗಿ, ಮತ್ತೆ ಹಾರಿಸಿಕೊಂಡು ಹೋಗುವುದು. ಹೋಟೆಲ್ ಇರುವುದು ಹೆಬ್ಬಾಳದಲ್ಲಿ. ಕಂಪನಿಯ ವ್ಯಾನ್ ನಮ್ಮ ಯಲಹಂಕ ದಾಟಿ ಸೀದಾ ಅಲ್ಲಿಗೇ ಹೋಗುತ್ತದೆ. ಬೇಸ್ ಬೆಂಗಳೂರು ಇದ್ದಾಗ ಅವಳು ಬೇರೆ ಊರಿನ ಹೋಟೆಲುಗಳಲ್ಲಿ ಮಲಗುತ್ತಿದ್ದಳು; ಈಗ ತನ್ನ ಮನೆಯಿರುವ ಊರಿನ ಹೋಟೆಲಿನಲ್ಲಿ ಮಲಗುತ್ತಾಳೆ. ಹೋಟೆಲಿನಿಂದ ಮನೆಗೆ ಬಂದು ಹೋಗುವಷ್ಟು ಬಿಡುವಿಲ್ಲ. ರೆಸ್ಟ್ ಎಂಬುದು ಅವರಿಗೆ ಕಾನೂನು, ಅದನ್ನು ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಕಳೆಯುವಂತಿಲ್ಲ.

ಹಾಗಾಗಿ ನಾನೇ ಹೋಗುತ್ತೇನೆ. ಮೊದಲ ಸಲ ಹೋದಾಗ ರಿಸೆಪ್ಷನ್ನಿನ ಹುಡುಗಿ ನಗುತ್ತ, ‘ಮೇಡಂ, ಕ್ಯಾಪ್ಟನ್‌ಗೆ ನೀವು ಏನಾಗ್ಬೇಕು?’ ಎಂದು ಕೇಳಿದಳು. ಸರಳ ಪ್ರಶ್ನೆ. ‘ಅತ್ತೆ’ ಎಂದೆ. ‘ಓ, ಹಾಗಾದ್ರೆ ಸರ್ ಕೂಡ ಬರ್ತಾರಾ?’ ಎಂದಳು ಪಾಪ. ‘ಇಲ್ಲಮ್ಮ, ಅವನು ಬರೋದಿಲ್ಲ,’ ಎಂದು ಸೋಫಾದ ಮೇಲೆ ಕೂತೆ. ಶೈಲಾ ಕಣ್ಣುಜ್ಜಿಕೊಂಡು ಲಿಫ್ಟಿನಿಂದ ಇಳಿದು ಬಂದಳು. ಇಬ್ಬರೂ ಎದುರುಬದುರು ಕೂತು ಹೋಟೆಲಿನ ಇಡ್ಲಿ ತಿಂದೆವು. ಅವಳು ಸೊರಗಿದ್ದಳು. ಕೋಲ್ಕತ್ತಾದ ಬಾಡಿಗೆ ಮನೆಯಲ್ಲಿ ಮೇಲಿನ ಮಹಡಿಯ ಹುಡುಗ ತಬಲಾ ಕಲಿಯುತ್ತಾನಂತೆ, ಹಗಲು ನಿದ್ದೆಯೇ ಇಲ್ಲವಂತೆ. ‘ನಿಮ್ಮಂಗ ಯಾರ್ ಸುಮ್ಮನಿರ್ತಾರ್ರೀ ಅತ್ತಿ,’ ಎಂದಳು. ಹೊಗಳಿಕೆಯೇ ಇರಬೇಕು. ಅಂದು ಹೇಳಬಹುದಿತ್ತು. ವೇಟರ್ ಕಾಫಿ ತಂದಿಟ್ಟ, ವ್ಯಾನ್ ಬಂತೆಂದು ಯಾರೋ ಕರೆದರು, ಹೇಳಲಿಲ್ಲ.

ಅಂದಿನಿಂದ ಅಭ್ಯಾಸ ಶುರು ಮಾಡಿದೆ. ನಗಬೇಡಿ, ಕನ್ನಡಿಯ ಮುಂದೆ ನಿಂತು, ಎಲೊಕ್ಯೂಷನ್ ಸ್ಪರ್ಧೆಗೆ ತಯಾರಾಗುವ ಹುಡುಗಿಯಂತೆ. ‘ಬಾ ಶೈಲಾ.’ ‘ಬಂದುಬಿಡು.’ ‘ನಿನ್ನನ್ನು ಬಿಟ್ಟು ಇರೋಕಾಗ್ತಿಲ್ಲ.’ ಕೊನೆಯದು ಬಹಳ ನಾಟಕೀಯವಾಯಿತೆಂದು ಕೈಬಿಟ್ಟೆ. ಉಳಿದೆರಡು ಸಾಕಷ್ಟು ಚೆನ್ನಾಗಿ ಬರುತ್ತಿದ್ದವು.

ಇವತ್ತು ಬೆಳಿಗ್ಗೆ ಫೋನ್ ಬಂತು. ಹಿಂದೆ ಬಸ್ಸಿನ ಸದ್ದು, ವಿಮಾನದ ಸದ್ದು.

‘ಅತ್ತಿ, ಲಗೂನ ಹೇಳ್ತೀನಿ ಕೇಳ್ರಿ. ಬೆಂಗಳೂರಿನ್ಯಾಗ ಒಂದು ಕ್ಯಾಪ್ಟನ್ ಜಾಗಾ ಖಾಲಿ ಆಗ್ಯದ. ಇವತ್ತ ಸಂಜೀ ಒಳಗ ಹೇಳ್ಬೇಕಂತ. ನಾ ಬರ್ಲೇನು, ಬ್ಯಾಡೇನು?’

ಇದಕ್ಕಿಂತ ನೇರವಾಗಿ ಭೂಮಿಯ ಮೇಲೆ ಯಾರೂ ಯಾರನ್ನೂ ಕೇಳಿರಲಾರರು. ನಾನು ಉಸಿರು ಎಳೆದುಕೊಂಡೆ. ಎಪ್ಪತ್ತು ದಾಟಿದ ಹೆಂಗಸು, ಎರಡು ಅಕ್ಷರವೂ ಇಲ್ಲದ ಮಾತು. ನನ್ನ ಬಾಯಿ ಬಹಳ ಸ್ಪಷ್ಟವಾಗಿ, ಬಹಳ ಮಧುರವಾಗಿ ಹೇಳಿತು, ‘ವಾಟೆವರ್ ಸೂಟ್ಸ್ ಯು, ಡಿಯರ್.’

‘ಆತ್ರಿ,’ ಎಂದು ಫೋನ್ ಇಟ್ಟಳು.

ಕೂಡಲೇ ವಾಪಸ್ ಮಾಡಿದೆ. ಅಷ್ಟರಲ್ಲಿ ಅವಳು ವಿಮಾನ ಹತ್ತಿ ಫೋನ್ ಆಫ್ ಮಾಡಿದ್ದಳು. ‘ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ,’ ಎಂದಳು ಫೋನ್ ಕಂಪನಿಯ ಆ ರೆಕಾರ್ಡ್ ಧ್ವನಿಯ ಹೆಂಗಸು. ‘ಬಾ,’ ಎಂದೆ ನಾನು. ‘ಬಂದುಬಿಡು ಶೈಲಾ. ಇಲ್ಲೇ ಇರು. ಹೋಗಬೇಡ.’ ಎಷ್ಟು ಸಲೀಸಾಗಿ ಬಂತು! ಆ ಹೆಂಗಸು ತನ್ನ ಮಾತನ್ನೇ ಇಂಗ್ಲಿಷಿನಲ್ಲಿ ಹೇಳಿದಳು, ಹಿಂದಿಯಲ್ಲಿ ಹೇಳಿದಳು, ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ ಎಂದಳು. ಮತ್ತೆ ಮಾಡಿದೆ, ಮತ್ತೆ ಬೇಡಿಕೊಂಡೆ, ಒಮ್ಮೆ ಗದರಿದೆ ಕೂಡ. ಅವಳ ಸ್ವರ ಒಂದಿಷ್ಟೂ ಕದಲಲಿಲ್ಲ. ಎಂಥ ನಯ, ಎಂಥ ಮರ್ಯಾದೆ, ಒಳ್ಳೆಯ ಕಾನ್ವೆಂಟಿನಲ್ಲಿ ಓದಿದವಳೇ ಇರಬೇಕು. ಇಷ್ಟು ವರ್ಷ ನನ್ನ ಜೊತೆ ಮಾತಾಡುವಾಗ ಶೈಲಾಳಿಗೆ ಹೇಗನ್ನಿಸಿರಬಹುದೆಂದು ನನಗೆ ಆಗ ಗೊತ್ತಾಯಿತು. ಶೈಲಾ ಇಳಿಯುವುದು ಮಧ್ಯಾಹ್ನಕ್ಕೆ. ಅಲ್ಲಿಯವರೆಗೂ ನಾನು ಆ ಹೆಂಗಸಿಗೇ ‘ಬಾ’ ಎನ್ನುತ್ತಿರುತ್ತೇನೆ.