ಟೇಪು ಹಿಡಿದು ಕಟ್ಟಿದ ಹಾಡಿನ ಮೇಳ

ನಾನು ಓದು ಬಿಟ್ಟದ್ದು 1938ರಲ್ಲಿ, ನಾಲ್ಕನೆಯ ಕ್ಲಾಸು ಮುಗಿಯುವುದಕ್ಕೂ ಮುಂಚೆ. ಓದೇ ನನ್ನನ್ನು ಬಿಟ್ಟಿತು ಎನ್ನುವವರೂ ಇದ್ದಾರೆ. ಅವರೆಲ್ಲ ಅಂಗಿ ಹೊಲಿಸಲು ನನ್ನ ಹತ್ತಿರವೇ ಬರುವುದರಿಂದ ಸುಮ್ಮನಿದ್ದೇನೆ. ತೀರ್ಥಹಳ್ಳಿಯ ದರ್ಜಿಯೊಬ್ಬರ ಅಂಗಡಿಯಲ್ಲಿ ಗುಂಡಿ ಹಚ್ಚುತ್ತ ಕೂತವನು ಇವತ್ತು ಹೊಸನಗರದಲ್ಲಿ ಸ್ವಂತ ಅಂಗಡಿ ಇಟ್ಟಿದ್ದೇನೆ. ಅಳತೆಯ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವವನಲ್ಲ. ನನ್ನ ತೊಂದರೆಗಳೆಲ್ಲ ಶುರುವಾಗುವುದೂ ಅಲ್ಲಿಂದಲೇ.

ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತ ಮೇಲೆ, ಮುಳುಗಿದ ಊರುಗಳ ಮಕ್ಕಳು ಒಂದಷ್ಟು ನಮ್ಮೂರ ಶಾಲೆಗೆ ಸೇರಿದರು. ಯಾರೋ ಪುಣ್ಯಾತ್ಮರು ಬಟ್ಟೆ ಕೊಟ್ಟರು, ಹೊಲಿಯುವ ಕೆಲಸ ನನಗೆ ಬಂತು. ಹೊಲಿದ ಅಂಗಿಗಳೆಲ್ಲ ದೊಗಳೆ! ಇಪ್ಪತ್ತೈದು ವರ್ಷದ ಕಸುಬಿನಲ್ಲಿ ಇಂಥ ಅವಮಾನ ಆಗಿರಲಿಲ್ಲ. ಮತ್ತೆ ಅಳೆಯಲು ಕೂತಾಗ ಗೊತ್ತಾಯಿತು: ಎದೆಗೆ ಟೇಪು ಸುತ್ತಿದ ಕೂಡಲೇ ಈ ಮಕ್ಕಳು ಉಸಿರೆಳೆದು ಹಿಡಿದುಬಿಡುತ್ತಿದ್ದರು. “ಉಸ್ರು ಬಿಡೋ ಮಾರಾಯ, ನಾನೆಂತ ನಿನ್ನ ನುಂಗ್ತೀನಾ?” ಎಂದರೂ ಬಿಡರು. ತರಗತಿಯಲ್ಲೂ ಹಾಗೇ ಅಂತೆ. ಕೆಲವರು ಬಾಯಿ ಬಿಡರು, ಕೆಲವರು ಮಾತಿಗೆ ಮೊದಲೇ ಹೊಡೆಯಲು ಕೈ ಎತ್ತುವರು. ಗೌರಿ ಎಂಬ ಎಂಟು ವರ್ಷದ ಹುಡುಗಿಯಂತೂ ಬಂದ ದಿನದಿಂದ ಶಾಲೆಯಲ್ಲಿ ಒಂದಕ್ಷರ ಆಡಿರಲಿಲ್ಲ. ಕೊನೆಗೆ ಬೇಸತ್ತು ಒಬ್ಬ ಹುಡುಗನಿಗೆ “ಏನಾದ್ರೂ ಹಾಡು” ಎಂದೆ. ಹಾಡಿದ. ಎದೆ ಎರಡು ಇಂಚು ಇಳಿಯಿತು, ಭುಜ ಇಳಿಯಿತು, ಕಣ್ಣಲ್ಲಿ ನೀರೂ ಇಳಿಯಿತು. ಒರೆಸಿಕೊಂಡು ನಕ್ಕ. ಅಂದೇ ನಿಶ್ಚಯಿಸಿದೆ: ಇವರನ್ನೆಲ್ಲ ಕೂಡಿಸಿ ಹಾಡಿಸಬೇಕು. ಒಳಗೆ ಹಿಡಿದಿಟ್ಟದ್ದು ಹೊರಗೆ ಬಂದರೆ ಮನಸ್ಸು ಬೆಳೆಯಲು ಜಾಗವಾಗುತ್ತದೆ.

“ನಿಮಗೆ ಹಾಡಕ್ಕೆ ಬರುತ್ತಾ?” ಎಂದಳು ಹೆಂಡತಿ ಸಾವಿತ್ರಿ.

“ಕಲಿತ್ರೆ ಬರುತ್ತೆ.”

“ನೀವು ಬಚ್ಚಲಲ್ಲಿ ಹಾಡಿದ್ರೆ ಪಕ್ಕದ ಮನೆಯವ್ರು ಎಂತಾಯ್ತು ಅಂತ ಓಡಿ ಬರ್ತಾರಲ್ರೀ!”

ಹೆಡ್‌ಮಾಸ್ತರು ಸಭ್ಯರು, ನಾನು ಬೆನ್ನು ತಿರುಗಿಸುವ ತನಕ ನಗು ತಡೆದುಕೊಂಡರು. ಶನಿವಾರಕ್ಕೆ ಒಂದು ಕೋಣೆ ಕೊಟ್ಟರು, ಷರತ್ತಿನ ಮೇಲೆ. “ವಾರ್ಷಿಕೋತ್ಸವದಲ್ಲಿ ಈ ಮಕ್ಳು ಬಾಯಿ ಬಿಡ್ಬೇಕು. ಇಲ್ದಿದ್ರೆ ಬೀಗದ ಕೈ ವಾಪಸ್ ಕೊಟ್ಬಿಡಿ.”

ಮೇಳವೆಂದರೆ ಸಾಲಾಗಿ ನಿಲ್ಲಿಸಬೇಕು. ಯಾರನ್ನು ಎಲ್ಲಿ? ನನಗೆ ಗೊತ್ತಿದ್ದ ವಿದ್ಯೆ ಒಂದೇ. ಟೇಪು ತೆಗೆದು ಎದೆ ಅಳೆದೆ. ದೊಡ್ಡ ಎದೆಗೆ ದೊಡ್ಡ ದನಿ ಎಂಬುದು ನನ್ನ ಸಿದ್ಧಾಂತ. ಇಪ್ಪತ್ತೆಂಟು ಇಂಚಿನ ಶಿವಪ್ಪ ಮುಂದಿನ ಸಾಲಿನ ನಟ್ಟನಡುವೆ. ಇಪ್ಪತ್ತೊಂದು ಇಂಚಿನ ಗೌರಿ ಹಿಂದಿನ ಸಾಲಿನ ತುದಿಗೆ. ಶಿವಪ್ಪನ ಗಂಟಲಿಂದ ಸೊಳ್ಳೆಯ ದನಿ ಬಂತು. ಶೀತವಿರಬೇಕು ಎಂದುಕೊಂಡೆ. ನಾಲ್ಕು ತಿಂಗಳಾದರೂ ಆ ಶೀತ ಬಿಡಲಿಲ್ಲ, ನಾನೂ ಬಿಡಲಿಲ್ಲ. ಸಾಗರದ ಬಸ್ಸಿಗೆ ಕಾಯುತ್ತಿದ್ದವರೊಬ್ಬರು ಕಿಟಕಿಯಲ್ಲಿ ಇಣುಕಿ, “ಇಲ್ಲಿ ಹಲ್ಲು ಕೀಳ್ತಾರಾ?” ಎಂದು ವಿಚಾರಿಸಿಕೊಂಡು ಹೋದರು.

ವಾರ್ಷಿಕೋತ್ಸವದ ಮಧ್ಯಾಹ್ನ ಹೊಸ ಕೋಟು ಹಾಕಿಕೊಂಡು ಮಕ್ಕಳ ಮುಂದೆ ನಿಂತು, ನಾನೇ ಹಾಡು ಎತ್ತಿಕೊಟ್ಟೆ. ಹೆಮ್ಮೆ ಹೆಚ್ಚಾಗಿತ್ತೋ ಏನೋ, ದನಿ ಹೋಗಿ ಹೆಂಚಿನ ಮಾಡಿಗೆ ತಾಗಿತು. ಮಕ್ಕಳು ಬಾಯಿ ತೆರೆದರು; ಯಾರಿಗೂ ಎಟುಕಲಿಲ್ಲ. ಸಭೆ ಕಿಸಕ್ಕೆಂದಿತು. ಹೆಡ್‌ಮಾಸ್ತರು ಗಡಿಯಾರ ನೋಡಿಕೊಂಡರು. ಮತ್ತೊಮ್ಮೆ ಎತ್ತಿದೆ, ಮೊದಲಿಗಿಂತ ಮೇಲೆ. ಆಗ ಹಿಂದಿನ ಸಾಲಿನ ತುದಿಯಿಂದ, ಶಾಲೆಯಲ್ಲಿ ಯಾರೂ ಕೇಳಿರದ ದನಿಯೊಂದು ಬಂತು.

“ಅಷ್ಟ್ ಎತ್ರಕ್ಕೆ ಹೋದ್ರೆ ಯಾರ್ ಹತ್ತಾರೆ? ನೀವ್ ಸುಮ್ನಿರಿ, ಟೈಲರ್ ಮಾವ!”

ಗೌರಿ! ಬೈದ ಉಸಿರಿನಲ್ಲೇ ಹಾಡನ್ನು ತಗ್ಗಿಸಿ ಎತ್ತಿಕೊಂಡಳು. ಶಿವಪ್ಪ ಸೊಳ್ಳೆಯಂತೆಯೇ ಆದರೂ ಸೇರಿದ, ಉಳಿದವರೂ ಸೇರಿದರು. ಹಾಡು ದಡ ಮುಟ್ಟಿತು. “ಬೀಗದ ಕೈ ನಿಮ್ಮಲ್ಲೇ ಇರ್ಲಿ” ಎಂದರು ಹೆಡ್‌ಮಾಸ್ತರು.

ನಾನು ಕುಣಿಯಬೇಕಿತ್ತು. ಮನೆಗೆ ಹೋಗಿ, ಊಟ ಬೇಡವೆಂದು ಗೋಡೆಗೆ ಮುಖ ಮಾಡಿ ಮಲಗಿದೆ. ಮೊಳದುದ್ದದ ಹುಡುಗಿ ತುಂಬಿದ ಸಭೆಯಲ್ಲಿ ನನ್ನ ಬಾಯಿ ಮುಚ್ಚಿಸುವುದೇ? ಸಾವಿತ್ರಿ ತಟ್ಟೆ ತಂದು ಪಕ್ಕದಲ್ಲಿ ಕುಕ್ಕಿದಳು. “ಮಕ್ಳ ಮನಸ್ಸೇನೋ ಬೆಳೀತು. ನಿಮ್ದು ಯಾವಾಗ್ರೀ?”

ಎದ್ದು ಉಂಡೆ. ಮುಂದಿನ ಶನಿವಾರ ಗೌರಿಯನ್ನು ಕರೆದು, “ಇನ್ಮೇಲೆ ನೀನೇ ಎತ್ಕೊಡು” ಎಂದೆ. ಅವಳು ಸ್ವಲ್ಪ ಯೋಚಿಸಿ, “ಆಯ್ತು. ಆದ್ರೆ ನಾನ್ ಹೇಳ್ದಾಗ ಮಾತ್ರ ನೀವ್ ಹಾಡ್ಬೇಕು” ಎಂದಳು.

ಈಗ ನನ್ನಲ್ಲಿರುವುದು ಇಷ್ಟು: ಶನಿವಾರದ ಕೋಣೆ ಒಂದು, ಹಾಡುವ ಮಕ್ಕಳು ಇಪ್ಪತ್ತಾರು, ಕಲಿತ ಹಾಡು ಮೂರು. ಅವುಗಳಲ್ಲಿ ನನಗೆ ಹಾಡಲು ಅಪ್ಪಣೆಯಾಗಿರುವುದು ಒಂದರ ಕೊನೆಯ ಸಾಲು.